ಕೊಚ್ಚಿಯಲ್ಲಿ ಬಂದ ಫೋನ್

ಹಮೀದಾಕ, ಅವತ್ತು ವಿಮಾನದಲ್ಲಿ ನೀವು ನಿದ್ದೆ ಹೋಗಿದ್ದಾಗ ನಿಮ್ಮ ಅಣ್ಣನ ಫೋನ್ ಬಂದಿತ್ತು. ನನ್ನ ಮೊಬೈಲಿಗೇ ಬಂದದ್ದು. ನಾನೇ ಎತ್ತಿ ಮಾತಾಡಿದೆ. ನೀವು ಎದ್ದು ಕೇಳಿದಾಗ ಬರಲಿಲ್ಲ ಎಂದೆ. ವಾರ ಕಳೆದು ನೀವು ಮತ್ತೊಮ್ಮೆ ಕೇಳಿದಿರಿ — ಆಗಲೂ ಬರಲಿಲ್ಲ ಎಂದೆ. ಎರಡೂ ಸುಳ್ಳು. ನಿಮ್ಮ ಅಣ್ಣ ಉಸ್ಮಾನಾಕ ನಿಮಗೆ ಹೇಳಿದ್ದೇ ನಿಜ.

ಇಷ್ಟು ಬರೆಯಲಿಕ್ಕೆ ನನಗೆ ಒಂಬತ್ತು ವರ್ಷ ಬೇಕಾಯಿತು. ನಿಮ್ಮ ಮನೆಗೂ ನನ್ನ ಮನೆಗೂ ನಡುವೆ ಇರುವುದು ಕಾವೂರು ಕೆರೆಯ ಒಂದು ಬದಿ, ನಡೆದರೆ ಆರೇಳು ನಿಮಿಷ. ಪ್ರತಿ ಪೆರ್ನಾಲ್ ಹಬ್ಬಕ್ಕೆ ನಿಮ್ಮ ಮಗಳು ಸ್ಟೀಲ್ ಡಬ್ಬಿಯಲ್ಲಿ ಬಿರಿಯಾನಿ ತಂದುಕೊಡುತ್ತಾಳೆ. ಅಜ್ಜಿ ತೀರಿಕೊಂಡ ಸಮಯದಲ್ಲಿ ಉಪಕಾರ ಮಾಡಿದ ಸಿಸ್ಟರ್ ಎಂದು ನೀವು ಅವಳಿಗೆ ಹೇಳಿಕೊಟ್ಟಿದ್ದೀರಿ. ನಾನು ಆ ಡಬ್ಬಿಯನ್ನು ತೊಳೆದು, ಖಾಲಿ ಕೊಡಬಾರದೆಂದು ಒಂದಿಷ್ಟು ಒಣ ಸಿಗಡಿ ಚಟ್ನಿ ತುಂಬಿಸಿ ಕಳಿಸುತ್ತೇನೆ. ಬಿರಿಯಾನಿ ತಿನ್ನುತ್ತೇನಾ ಎಂದು ಕೇಳಬೇಡಿ. ತಿನ್ನುತ್ತೇನೆ. ಗಂಟಲಲ್ಲಿ ಇಳಿಯುವುದಿಲ್ಲ ಎಂದೆಲ್ಲ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ನಾವಿಬ್ಬರೂ ಮಾತಾಡುವುದು ತುಳು. ಬರೆಯಲು ಕಲಿತದ್ದು ಮಾತ್ರ ಕನ್ನಡ. ಆದ್ದರಿಂದ ಅವತ್ತಿನ ಮಾತುಗಳನ್ನೆಲ್ಲ ಕನ್ನಡ ಮಾಡಿಯೇ ಬರೆಯುತ್ತಿದ್ದೇನೆ — ಒಂದು ಮಾತನ್ನು ಬಿಟ್ಟು. ಅದನ್ನು ತುಳುವಿನಲ್ಲೇ ಇಡಬೇಕು. ಯಾಕೆ ಎನ್ನುವುದು ನಿಮಗೇ ತಿಳಿಯುತ್ತದೆ.

ಸೌದಿಯ ದಮಾಮಿನಿಂದ ಮಂಗಳೂರಿಗೆ ನಾಲ್ಕೂಕಾಲು ಗಂಟೆಯ ದಾರಿ. ನಮಗೆ ಹಿಡಿದದ್ದು ಒಂದು ಮಧ್ಯಾಹ್ನ, ಒಂದು ರಾತ್ರಿ, ಮತ್ತೆ ಇನ್ನೊಂದು ಮಧ್ಯಾಹ್ನದವರೆಗೆ. ಚೆಕ್‌ಇನ್ ಸಾಲಿನಲ್ಲಿ ನೀವು ನನ್ನ ಹಿಂದೆ ಇದ್ದಿರಿ. ನನ್ನ ಪೆಟ್ಟಿಗೆಯ ಮೇಲೆ ಬರೆದಿದ್ದ ವಿಳಾಸ ನೋಡಿ, "ಕುದ್ರೋಳಿಯವರಾ? ನಿಮ್ಮ ಅಪ್ಪ ಬಂದರಿನ ಧಕ್ಕೆಯಲ್ಲಿ ಮೀನು ಏಲಂ ಕೂಗ್ತಿದ್ದವರಲ್ವಾ?" ಎಂದು ಕೇಳಿದಿರಿ. ಹೌದೆಂದೆ. ನೀವು ಅಲ್ಲಿ ಎ.ಸಿ. ರಿಪೇರಿ ಕೆಲಸದಲ್ಲಿದ್ದವರು, ನಾನು ಒಂದು ಆಸ್ಪತ್ರೆಯಲ್ಲಿ ನರ್ಸ್. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ನಾನು ಊರಿಗೆ ಹೊರಟಿದ್ದೆ. ನೀವು ಹೊರಟದ್ದು ರಜೆಗಲ್ಲ, ತಾಯಿಯನ್ನು ನೋಡಲಿಕ್ಕೆ. ಉಮ್ಮನಿಗೆ ತುಂಬಾ ಸೀರಿಯಸ್, ಬೇಗ ಬಾ ಎಂದು ಅಣ್ಣ ಹೇಳಿದ್ದಕ್ಕೆ ಹೊರಟದ್ದು.

ಆಮೇಲೆ ಶುರುವಾಯಿತು ಆ ಕಾಯುವಿಕೆ. ಒಂದು ಗಂಟೆ ತಡ ಎಂದರು. ಒಂದು ಗಂಟೆಯ ನಂತರ ಇನ್ನೊಂದು ಗಂಟೆ ಎಂದರು. ಒಟ್ಟಿಗೆ ಹನ್ನೆರಡು ಗಂಟೆ ಎಂದು ಹೇಳಿಬಿಟ್ಟಿದ್ದರೆ ಮನುಷ್ಯ ಎಲ್ಲಾದರೂ ಮೂಲೆ ಹುಡುಕಿ ಬಿದ್ದುಕೊಳ್ಳುತ್ತಾನೆ. ಗಂಟೆ ಗಂಟೆಗೆ ಆಸೆ ತೋರಿಸಿದರೆ ಬೆನ್ನು ಒರಗಿಸಲಿಕ್ಕೂ ಧೈರ್ಯ ಬರುವುದಿಲ್ಲ. ನಾನು ನರ್ಸ್ ಎಂದು ಯಾರಿಗೋ ಗೊತ್ತಾಗಿ, ಆ ಹಾಲಿನಲ್ಲೇ ನನಗೊಂದು ಒ.ಪಿ.ಡಿ. ತೆರೆದುಕೊಂಡಿತು. ಶುಗರಿನ ಮಾತ್ರೆ ಊಟಕ್ಕೆ ಮೊದಲಾ ನಂತರವಾ ಎಂದು ಒಬ್ಬರು — ಊಟವೇ ಇಲ್ಲದ ಕಡೆ. ವಾಂತಿ ಮಾಡಿಕೊಂಡ ಮುದುಕರೊಬ್ಬರ ಶರಟು ತೊಳೆದುಕೊಟ್ಟೆ. ಕಾಲು ಬಾತು ಚಪ್ಪಲಿ ಹಿಡಿಯದೆ ಕೈಯಲ್ಲಿ ಹಿಡಿದುಕೊಂಡು ಓಡಾಡಿದೆ.

ಸಂಜೆಯ ಹೊತ್ತಿಗೆ ನೀವು ನೀರಿನ ನಲ್ಲಿಯ ಹತ್ತಿರ ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದಿರಿ. ಏನೂ ಕೇಳದೆಯೇ ನನಗೆ ಗೊತ್ತಾಯಿತು. ನೂರಾರು ಜನರನ್ನು ಆ ಭಂಗಿಯಲ್ಲಿ ನೋಡಿದ್ದೇನೆ. "ಉಮ್ಮ ಹೋದರು ಸಿಸ್ಟರ್. ನಾನು ಮುಟ್ಟುವ ತನಕ ಇಟ್ಟುಕೊಳ್ತಾರಂತೆ," ಎಂದಿರಿ. ನಾನು ಬೆನ್ನು ಸವರಿ, ಒಂದು ಚಹಾ ತಂದುಕೊಟ್ಟೆ. ಅಷ್ಟರವರೆಗೆ, ನನ್ನ ನೆನಪಿನಲ್ಲಿ, ನಾನು ಒಳ್ಳೆಯವಳೇ.

ಬೆಳಗಿನ ಜಾವಕ್ಕೆ ವಿಮಾನ ಎದ್ದಿತು. ಮಂಗಳೂರಿನ ಮೇಲೆ ಬಂದಾಗ ಕಿಟಕಿಯಲ್ಲಿ ಮೋಡ ಬಿಟ್ಟರೆ ಬೇರೇನೂ ಇರಲಿಲ್ಲ. ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡ ಕೆಳಗೆಲ್ಲೋ ಮಳೆಯಲ್ಲಿ ಮುಳುಗಿತ್ತು. ಅರ್ಧ ಗಂಟೆ ಸುತ್ತು ಹಾಕಿದರು. ನೀವು ಕಿಟಕಿಗೆ ಮುಖ ಹಚ್ಚಿ, "ಇಲ್ಲೇ ಕೆಳಗೆ ಉಂಟಲ್ಲ ಸಿಸ್ಟರ್, ಇಲ್ಲೇ ಕೆಳಗೆ," ಎಂದು ಎರಡು ಸಲ ಹೇಳಿದಿರಿ. ಆಮೇಲೆ ಕೊಚ್ಚಿಗೆ ಹೋಗುತ್ತೇವೆಂದು ಪ್ರಕಟಣೆ. ಕೊಚ್ಚಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ವಿಮಾನದಿಂದ ಹೊರಗೆ ಬಿಡಲಿಲ್ಲ. ಮಳೆ ಕಡಿಮೆಯಾದ ಕೂಡಲೇ ಹೊರಡುವುದು, ಸೀಟಿನಲ್ಲೇ ಇರಿ ಎಂದರು.

ನಿಮ್ಮ ಮೊಬೈಲ್ ಅಷ್ಟರಲ್ಲಿ ಸತ್ತುಹೋಗಿತ್ತು. ನನ್ನ ಹತ್ತಿರ ಊರಿನ ಸಿಮ್ ಇತ್ತು, ಹಾಕಿಕೊಟ್ಟೆ. ನೀವು ಕಾಕ ಎಂದು ಕರೆಯುವ ಅಣ್ಣನಿಗೆ ಫೋನ್ ಮಾಡಿದಿರಿ. ಇಟ್ಟ ಮೇಲೆ ನನಗೆ ಹೇಳಿದ್ದು ಇಷ್ಟು: ಅಸರ್ ನಮಾಜಿನ ತನಕ, ಅಂದರೆ ಸಂಜೆ ನಾಲ್ಕು ನಾಲ್ಕೂವರೆ ತನಕ, ಕಾಕ ಕಾಯುತ್ತಾರೆ, ಆದರೆ ಇವತ್ತು ವಿಮಾನ ಬರುವುದಿಲ್ಲ ಎಂದು ಗೊತ್ತಾದರೆ ಕೂಡಲೇ ತಿಳಿಸಬೇಕು, ಹಾಗಾದರೆ ಮಧ್ಯಾಹ್ನದ ಲುಹರ್ ನಮಾಜು ಮುಗಿದ ಕೂಡಲೇ ದಫನ ಮಾಡಿಬಿಡುತ್ತಾರೆ. ನಿನ್ನೆ ಸಂಜೆಯಿಂದ ಇಟ್ಟಿರುವ ಉಮ್ಮನ ಮಯ್ಯತ್. ತೋಡಿದ ಗುಂಡಿಯಲ್ಲಿ ನೀರು ನಿಲ್ಲುತ್ತಿದೆಯಂತೆ. ಹಿರಿಯರು ಅವಸರ ಮಾಡುತ್ತಿದ್ದಾರಂತೆ.

ಎಲ್ಲವೂ ನನಗೆ ಗೊತ್ತಿತ್ತು. ಒಂದು ಮಾತಿನ ಮೇಲೆ ಏನೆಲ್ಲ ನಿಂತಿದೆ ಎಂದು ಗೊತ್ತಿತ್ತು — ಇದನ್ನು ನೀವು ಮರೆಯಬಾರದು.

"ಎರಡು ರಾತ್ರಿ ಆಯ್ತು ಕಣ್ಣು ಮುಚ್ಚದೆ. ಐದು ನಿಮಿಷ ಮಲಗ್ತೇನೆ. ಕಾಕನ ಫೋನ್ ಬಂದ್ರೆ ಎಬ್ಬಿಸಿ ಸಿಸ್ಟರ್, ಆಯ್ತಾ? ಮರೀಬೇಡಿ," ಎಂದು ನೀವು ತಲೆ ಒರಗಿಸಿದಿರಿ. ಒರಗಿಸಿದ್ದೇ ನಿದ್ದೆ.

ಎ.ಸಿ. ನಿಲ್ಲಿಸಿದ್ದರು. ಒಳಗೆ ಮೈ ಬೆವರಿ ಅಂಟುತ್ತಿತ್ತು. ಎಲ್ಲೋ ಮಗು ಅಳುತ್ತಿತ್ತು, ನಿಲ್ಲಿಸುತ್ತಲೇ ಇರಲಿಲ್ಲ. ಹಿಂದಿನ ಸೀಟಿನವನೊಬ್ಬ, "ಪೈಲಟಿನ ಡ್ಯೂಟಿ ಟೈಮ್ ಮುಗೀತಂತೆ ಮಾರಾಯ್ರೆ, ಇನ್ನು ನಾಳೆಯೇ ಅಂತೆ," ಎಂದು ಪಕ್ಕದವನಿಗೆ ಹೇಳಿದ. ಅಂತೆ. ಅಷ್ಟೇ ನನಗಿದ್ದ ಆಧಾರ.

ಹನ್ನೆರಡೂಕಾಲಕ್ಕೆ ಫೋನ್ ಬಂತು. ನಿಮ್ಮ ಅಣ್ಣ. ಹಿಂದೆ ತಗಡಿನ ಮೇಲೆ ಮಳೆ, ಜನರ ಗುಜುಗುಜು.

"ಸಿಸ್ಟರಾ? ಹಮೀದನಿಗೆ ಕೊಡ್ತೀರಾ?"

"ಮಲಗಿದ್ದಾರೆ," ಎಂದೆ.

"ವಿಮಾನದ್ದು ಎಂತ ಆಯ್ತು? ಇಲ್ಲಿ ಎಲ್ಲರೂ ಕೇಳ್ತಿದ್ದಾರೆ. ಇವತ್ತು ಬರ್ತದಾ?"

ನಾನು ಹೇಳಿದ್ದು, "ಎಲ್ಲೆ."

ತುಳುವಿನಲ್ಲಿ ಎಲ್ಲೆ ಎಂದರೆ ನಾಳೆ. ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದವಳ ಬಾಯಿಗೆ ತಾನಾಗಿ ಬರುವ ಮಾತು ಅದು. ಡಾಕ್ಟರ್ ಯಾವಾಗ ಬರ್ತಾರೆ — ನಾಳೆ. ರಿಪೋರ್ಟ್ ಯಾವಾಗ — ನಾಳೆ. ಮನೆಗೆ ಯಾವಾಗ — ನಾಳೆ ನೋಡುವ. ಕೇಳುವವರ ಬಾಯಿ ಮುಚ್ಚಿಸಲಿಕ್ಕೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ನಾವು ನರ್ಸುಗಳೆಲ್ಲ ಅದನ್ನು ಹಾಗೆಯೇ ಬಳಸುವುದು.

ಆದರೆ ನಿಮ್ಮ ಮನೆಮಾತು ಬ್ಯಾರಿಯಲ್ಲಿ ಇಲ್ಲೆ ಎಂದರೆ ಇಲ್ಲ. ಆ ಮಳೆಯಲ್ಲಿ, ಆ ಗದ್ದಲದಲ್ಲಿ, ನಿಮ್ಮ ಅಣ್ಣನ ಕಿವಿಗೆ ಬಿದ್ದದ್ದು ಅದು.

"ಇಲ್ಲೆ ಅಂತಲಾ? ಬರುವುದೇ ಇಲ್ವಾ?" ಎಂದರು.

ಎಷ್ಟೋ ವರ್ಷ ನಾನು ಇಲ್ಲಿಗೇ ನಿಲ್ಲಿಸಿಕೊಂಡಿದ್ದೆ. ನಾನು ಎಲ್ಲೆ ಎಂದೆ, ಅವರು ಇಲ್ಲೆ ಎಂದು ಕೇಳಿಸಿಕೊಂಡರು, ಭಾಷೆಯ ತೊಡಕು, ಯಾರದ್ದೂ ತಪ್ಪಲ್ಲ. ಹೀಗೆ ಹೇಳಿಕೊಂಡರೆ ಒಂದು ತಿಂಗಳಾದರೂ ನೆಮ್ಮದಿಯಿಂದ ಇರಬಹುದಿತ್ತು. ಆದರೆ ನಿಜ ಅಲ್ಲಿಗೆ ನಿಲ್ಲುವುದಿಲ್ಲವಲ್ಲ... ನಾಳೆ ಎಂದೇ ಕೇಳಿಸಿದ್ದರೂ ಇವತ್ತು ಇಲ್ಲ ಎಂದೇ ಆಗುತ್ತಿತ್ತು. ಮೇಲಾಗಿ, ಅವರು ತಪ್ಪು ಕೇಳಿಸಿಕೊಂಡದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಕುದ್ರೋಳಿಯಲ್ಲಿ ಬೆಳೆದವಳು, ಬ್ಯಾರಿ ಮಾತು ನನಗೆ ಗೊತ್ತಿಲ್ಲದ್ದೇನಲ್ಲ. ಅಲ್ಲ, ನಾಳೆ ಅಂತ ಯಾರೋ ಹೇಳಿದ್ದಷ್ಟೇ, ಖಚಿತ ಇಲ್ಲ, ತಡೆಯಿರಿ, ಇವರನ್ನು ಎಬ್ಬಿಸ್ತೇನೆ — ಇಷ್ಟು ಹೇಳಬೇಕಿತ್ತು. ಅಷ್ಟು ಮಾತಿನ ಶ್ರಮ ನನಗೆ ಬೇಡವಾಯಿತು. ಈ ಊರಿನವರೆಲ್ಲರ ಸಾವು, ಶುಗರು, ವಾಂತಿ ನನ್ನ ತಲೆಗೇ ಯಾಕೆ ಎಂದು ಸಿಟ್ಟೂ ಇತ್ತು.

"ಹ್ಞೂಂ," ಎಂದೆ. ನಿಮ್ಮ ಉಮ್ಮನ ಮುಖ ನಿಮಗೆ ಸಿಗದೆ ಹೋದದ್ದು ಆ ಒಂದು ಹ್ಞೂಂನಿಂದ.

ಕರುಣೆಯಿಂದ ನಿಮ್ಮನ್ನು ಎಬ್ಬಿಸಲಿಲ್ಲ ಎಂದು ಬರೆಯಲು ಕೈ ತುರಿಸುತ್ತದೆ. ಬಳಲಿದ್ದ ಮನುಷ್ಯ, ಮಲಗಲಿ ಪಾಪ ಎಂದು... ಇಲ್ಲ. ಎಬ್ಬಿಸಿದರೆ ನೀವು ಅಳುತ್ತೀರಿ, ನಾನು ಸಮಾಧಾನ ಮಾಡಬೇಕಾಗುತ್ತದೆ, ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಎಬ್ಬಿಸಲಿಲ್ಲ.

ಇಪ್ಪತ್ತು ನಿಮಿಷದ ನಂತರ ನೀವಾಗಿಯೇ ಬೆಚ್ಚಿ ಎದ್ದಿರಿ. "ಕಾಕನ ಫೋನ್ ಬಂತಾ?"

"ಇಲ್ಲ," ಎಂದೆ. ಬಂದಿತ್ತು ಎಂದರೆ ಯಾಕೆ ಎಬ್ಬಿಸಲಿಲ್ಲ ಎಂದು ಕೇಳುತ್ತೀರಲ್ಲ. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಿಕ್ಕೆ ಅಷ್ಟೇ. ಹೇಗೂ ವಿಮಾನ ಇವತ್ತು ಹೋಗುವುದಿಲ್ಲ, ಯಾವಾಗಲಾದರೂ ಸಾವಕಾಶವಾಗಿ ಹೇಳಿದರಾಯಿತು ಎಂದುಕೊಂಡೆ. ಸಣ್ಣ ಸುಳ್ಳು. ದಿನಕ್ಕೆ ಹತ್ತು ಹೇಳುವಂಥದ್ದು.

ಮತ್ತೆ ಹತ್ತು ನಿಮಿಷ ಆಗಿರಲಿಕ್ಕಿಲ್ಲ, ಪೈಲಟಿನ ದನಿ ಬಂತು. ಮಂಗಳೂರಿನಲ್ಲಿ ಮೋಡ ಸರಿದಿದೆ, ಈಗಲೇ ಹೊರಡುತ್ತೇವೆ. ಇಡೀ ವಿಮಾನ ಚಪ್ಪಾಳೆ ತಟ್ಟಿತು. ನೀವು ಎರಡೂ ಕೈಯಿಂದ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿ, "ಒಮ್ಮೆ ಮೊಬೈಲ್ ಕೊಡಿ ಸಿಸ್ಟರ್, ಹೊರಟೆವು ಅಂತ ಕಾಕನಿಗೆ ಹೇಳ್ತೇನೆ," ಎಂದಿರಿ.

ಹಮೀದಾಕ, ಆಗ ಗಂಟೆ ಒಂದಕ್ಕೆ ಹತ್ತು ನಿಮಿಷ ಇತ್ತು. ಲುಹರ್ ನಮಾಜು ಮುಗಿದಿರಲಿಲ್ಲ. ಒಂದು ಫೋನ್ ಸಾಕಿತ್ತು. ಮಯ್ಯತ್ ಮನೆಯಿಂದ ಎದ್ದಿದ್ದರೂ ದಾರಿಯಲ್ಲಿ ನಿಲ್ಲಿಸುತ್ತಿದ್ದರು. ಕೊಟ್ಟಿದ್ದರೆ — ಕೊಟ್ಟರೆ ಸ್ಕ್ರೀನಿನ ಮೇಲೆ ಮೊದಲು ಕಾಣುವುದೇ ಅವರ ನಂಬರು, ಹನ್ನೆರಡೂಕಾಲು ಎಂದು ಸಮಯದ ಸಮೇತ. ನನ್ನ ಸುಳ್ಳು ನಿಮ್ಮ ಕಣ್ಣೆದುರಿಗೇ ಸಿಕ್ಕಿಬೀಳುತ್ತಿತ್ತು. ನಾನು ಬ್ಯಾಗಿನೊಳಗೆ ಕೈ ಹಾಕಿ, ಮೊಬೈಲನ್ನು ಆಫ್ ಮಾಡಿ, ಹೊರಗೆ ತೆಗೆದು ತೋರಿಸಿದೆ.

"ಚಾರ್ಜ್ ಮುಗಿದಿದೆ," ಎಂದೆ. ಕಾಲು ಭಾಗ ಚಾರ್ಜ್ ಇತ್ತು.

ಬೇರೆ ಯಾರನ್ನಾದರೂ ಕೇಳುತ್ತೀರಿ ಎಂದು ಕಾದೆ. ಕೇಳಲಿ ಎಂದೂ ಇತ್ತು, ಬೇಡ ಎಂದೂ ಇತ್ತು. ಅಷ್ಟರಲ್ಲಿ ಗಗನಸಖಿ ಬಂದು ಎಲ್ಲರ ಮೊಬೈಲ್ ಆಫ್ ಮಾಡಿಸಿದಳು. "ಪರವಾಗಿಲ್ಲ, ಒಂದು ಗಂಟೆ ಅಲ್ವಾ? ಕಾಕ ಅಸರ್ ತನಕ ಕಾಯ್ತೇನೆ ಅಂದಿದ್ದಾರೆ. ಅವರು ಮಾತು ತಪ್ಪುವವರಲ್ಲ," ಎಂದಿರಿ. ಇಡೀ ದಾರಿ ನಿಮ್ಮ ಮುಖದಲ್ಲೊಂದು ನೆಮ್ಮದಿ ಇತ್ತು. ನಾನು ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಕೂತೆ.

ಬಜ್ಪೆಯಲ್ಲಿ ಇಳಿದಾಗ ಬಿಸಿಲು. ರಸ್ತೆ ಹಬೆಯಾಡುತ್ತಿತ್ತು. ನೀವು ಪೆಟ್ಟಿಗೆಗೂ ಕಾಯದೆ ಓಡಿದಿರಿ. ನಿಮ್ಮ ಪೆಟ್ಟಿಗೆಯನ್ನು ನಾನೇ ಬೆಲ್ಟಿನಿಂದ ಎತ್ತಿ ಇಳಿಸಿ, ನಿಮ್ಮ ಕಡೆಯವರು ಬರುವ ತನಕ ಕಾದು ಒಪ್ಪಿಸಿದೆ. ಅದನ್ನೇ ನೀವು ಉಪಕಾರ ಎಂದು ಇವತ್ತಿಗೂ ಹೇಳುತ್ತೀರಿ.

ವಾರದ ನಂತರ ನೀವು ಫೋನ್ ಮಾಡಿದಾಗ ನಾನು ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದೆ. "ನಾನು ಮನೆಗೆ ಮುಟ್ಟುವಾಗ ಅಸರಿನ ಬಾಂಗ್ ಕೂಡ ಕೂಗಿರ್ಲಿಲ್ಲ ಸಿಸ್ಟರ್. ಎಲ್ಲ ಮುಗಿಸಿ ಬಂದು ಕೈ ತೊಳೀತಿದ್ರು. ಫೋನ್ ಮಾಡಿದ್ದೆ, ನಿನ್ನ ಜೊತೆಯ ಸಿಸ್ಟರ್ ಬರುವುದಿಲ್ಲ ಅಂದ್ರು ಅಂತ ಕಾಕ ಹೇಳ್ತಾರೆ. ಸತ್ಯ ಹೇಳಿ, ಫೋನ್ ಬಂದಿತ್ತಾ?"

ಅವತ್ತು ನನಗೆ ದಣಿವಿರಲಿಲ್ಲ. ಏಳು ದಿನ ಹೊಟ್ಟೆ ತುಂಬಾ ಉಂಡು, ಕಣ್ಣು ತುಂಬಾ ಮಲಗಿದ್ದೆ. ಮೊದಲನೆಯ ಸುಳ್ಳನ್ನು ಆ ವಿಮಾನದ ತಲೆಗೆ ಕಟ್ಟಬಹುದು, ಮಳೆಯ ತಲೆಗೆ ಕಟ್ಟಬಹುದು. ಇದನ್ನು ಯಾರ ತಲೆಗೆ ಕಟ್ಟಲಿ? ಹೌದು ಎನ್ನಲಿಕ್ಕೆ ಬಾಯಿ ತೆರೆದೆ ಕೂಡ. ಬಂದದ್ದು, "ಇಲ್ಲ, ಯಾರದ್ದೂ ಬರ್ಲಿಲ್ಲ."

ನೀವು "ಗೊತ್ತಿತ್ತು ನನಗೆ. ಹೊರಗಿನವರು ನೀವು, ನಿಮಗೆ ಸುಳ್ಳು ಹೇಳಿ ಎಂತ ಆಗ್ಬೇಕು?" ಎಂದು ಫೋನ್ ಇಟ್ಟಿರಿ.

ಉಳಿದದ್ದು ನಿಮಗೇ ಗೊತ್ತು. ನೀವು ಕುದ್ರೋಳಿಯ ಮನೆ ಬಿಟ್ಟಿರಿ. ನಾನು ಅಷ್ಟರಲ್ಲಿ ಊರಿಗೇ ಮರಳಿ ಕಾವೂರಿನಲ್ಲಿ ಮನೆ ಮಾಡಿದ್ದೆ. ಅಲ್ಲಿ ಬಾಡಿಗೆಗೆ ಮನೆ ಉಂಟಾ ಎಂದು ಕೇಳಿದ್ದೂ ನನ್ನನ್ನೇ, ಹುಡುಕಿಕೊಟ್ಟದ್ದೂ ನಾನೇ. ಉಸ್ಮಾನಾಕನ ಮಗಳ ಮದುವೆಗೆ ನೀವು ಹೋಗಲಿಲ್ಲ. ನಿಮ್ಮ ಮಗನ ಮದುವೆಗೆ ಅವರನ್ನು ಕರೆಯಲಿಲ್ಲ. ಕೆರೆಯ ಹತ್ತಿರ ಸಿಕ್ಕಾಗಲೆಲ್ಲ, "ಅವರು ಕಾಯದೆ ಇದ್ದದ್ದನ್ನು ಬೇಕಾದ್ರೆ ಮರೀಬಹುದು ಸಿಸ್ಟರ್, ನಿಮ್ಮ ಹೆಸರು ಹೇಳಿ ಸುಳ್ಳು ಹೇಳಿದ್ದನ್ನು ಮರೀಲಿಕ್ಕೆ ಆಗುವುದಿಲ್ಲ," ಎನ್ನುತ್ತಿದ್ದಿರಿ. ನಾನು ತಲೆಯಾಡಿಸಿ, ನಿಮ್ಮ ಬಿ.ಪಿ. ಹೇಗುಂಟು ಎಂದು ಕೇಳುತ್ತಿದ್ದೆ.

ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ — ಒಬ್ಬ ರೋಗಿಯ ವಿಷಯವನ್ನು ನರ್ಸ್ ಆದವಳು ಹೊರಗೆ ಹೇಳಬಾರದು. ಗೊತ್ತು. ಇದೊಂದು ಸಲ ಹೇಳುತ್ತೇನೆ.

ಉಸ್ಮಾನಾಕ ಐದು ದಿನದಿಂದ ಅತ್ತಾವರದಲ್ಲಿ, ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ, ನನ್ನ ವಾರ್ಡಿನಲ್ಲೇ ಇದ್ದಾರೆ. ಹೃದಯ ಸೋತಿದೆ. ಉಸಿರು ಸಿಗುವುದಿಲ್ಲ ಎಂದು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಾರೆ. ನನ್ನ ಗುರುತು ಅವರಿಗಿಲ್ಲ. ನನ್ನ ಮುಖವನ್ನು ಅವರು ಯಾವತ್ತೂ ನೋಡಿದವರೇ ಅಲ್ಲ. ಮೊನ್ನೆ ನಾನು ಡ್ರಿಪ್ ಬದಲಿಸುತ್ತಿರುವಾಗ ಅವರ ಮಗಳು, ಚಿಕ್ಕಪ್ಪನಿಗೆ ಹೇಳಿ ಕಳಿಸಲಾ ಎಂದು ಕೇಳಿದಳು. ನಿಮ್ಮ ಭಾಷೆಯಲ್ಲೇ. ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿರಬೇಕು.

"ಬೇಡ," ಎಂದರು ಉಸ್ಮಾನಾಕ. "ಅವನದ್ದು ತಪ್ಪಿಲ್ಲ. ಆ ಸಿಸ್ಟರ್ ಯಾಕೆ ಸುಳ್ಳು ಹೇಳ್ತಾರೆ? ನಾನೇ ಬೇರೆ ಯಾರದ್ದೋ ಮಾತು ಕೇಳಿ ಗಡಿಬಿಡಿಯಲ್ಲಿ ತಪ್ಪು ತಿಳ್ಕೊಂಡಿರ್ಬೇಕು. ಇನ್ನು ಸ್ವಲ್ಪ ಕಾಯ್ಬೇಕಿತ್ತು. ಅವಸರ ಮಾಡಿ ಅವನಿಗೆ ಉಮ್ಮನ ಮುಖ ಇಲ್ಲದ ಹಾಗೆ ಮಾಡಿದವನು ನಾನು."

ನೋಡಿ ಹಮೀದಾಕ. ತನ್ನ ಕಿವಿಯಿಂದ ಕೇಳಿದ್ದನ್ನೇ ಆ ಮನುಷ್ಯ ಈಗ ನಂಬುವುದಿಲ್ಲ. ನೀವು ನನ್ನನ್ನು ನಂಬಿದಿರಿ. ಕೊನೆಗೆ ಅವರೂ ನನ್ನನ್ನೇ ನಂಬಿದರು. ನನ್ನ ಪಾಲಿನ ಪಾಪವನ್ನು ಎದೆಯ ಮೇಲೆ ಇಟ್ಟುಕೊಂಡು ಅವರು ಉಸಿರಿಗೆ ಒದ್ದಾಡುತ್ತಿದ್ದಾರೆ. ನಾನು ಡ್ರಿಪ್ಪಿನ ಹನಿ ಎಣಿಸುವವಳ ಹಾಗೆ ಅಲ್ಲೇ ನಿಂತಿದ್ದೆ. ಆಗಲೂ ಹೇಳಲಿಲ್ಲ.

ಅವರಿಗೆ ನಾನೊಬ್ಬಳೇ ಹೇಳಿ ಕೈತೊಳೆದುಕೊಳ್ಳುವುದು ಬೇಡ ಎನ್ನಿಸಿದೆ. ಈ ಕಾಗದವನ್ನು ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ನೀವು ಓದಿ ಮುಗಿಸುವ ತನಕ ಗೇಟಿನ ಹೊರಗೆ ನಿಂತಿರುತ್ತೇನೆ. ಬಯ್ಯುವುದಿದ್ದರೆ ಬಯ್ಯಿರಿ, ನಿಮ್ಮ ಮಗಳಿಗೂ ಹೇಳಿ, ನೆರೆಕರೆಗೆಲ್ಲ ಹೇಳಿ. ಆದರೆ ಅದಕ್ಕೆ ಮೊದಲು ನನ್ನ ಜೊತೆ ಅತ್ತಾವರಕ್ಕೆ ಹೊರಡಿ. ಮೂರನೆಯ ಮಹಡಿ, ಕಿಟಕಿಯ ಪಕ್ಕದ ಹಾಸಿಗೆ. ಡಾಕ್ಟರು ಹೆಚ್ಚು ದಿನದ ಮಾತಾಡುತ್ತಿಲ್ಲ. ನಿಮ್ಮಿಬ್ಬರ ಎದುರಿಗೆ ನಿಂತು ನಾನು ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ, ಅದನ್ನು ಕೊಡುವುದೋ ಬಿಡುವುದೋ ಎಂಬ ಕೆಲಸವನ್ನೂ ನಿಮ್ಮ ಮೇಲೆ ಹಾಕಲು ನನಗೆ ಮುಖವಿಲ್ಲ.

ಇನ್ನು ಒಂದೇ ಒಂದು ಉಳಿದಿದೆ. ಅವತ್ತು ನಾನು ಹ್ಞೂಂ ಎಂದ ಮೇಲೆ ನಿಮ್ಮ ಅಣ್ಣ ಕೂಡಲೇ ಫೋನ್ ಇಡಲಿಲ್ಲ. ಮೂಗು ಒರೆಸಿಕೊಂಡದ್ದು ಕೇಳಿಸಿತು. ಗೋರಿಗೆ ಒಬ್ಬೊಬ್ಬರು ಮೂರು ಹಿಡಿ ಮಣ್ಣು ಹಾಕುವುದುಂಟಲ್ಲ ನಿಮ್ಮಲ್ಲಿ. ಅವರು ಹೇಳಿದ್ದು ಹೀಗೆ: "ಅವನು ಎದ್ದ ಮೇಲೆ ಹೇಳಿ ಸಿಸ್ಟರ್, ಬೇಸರ ಮಾಡುವುದು ಬೇಡ ಅಂತ. ಅವನ ಪಾಲಿನ ಮೂರು ಹಿಡಿ ನಾನು ಹಾಕ್ತೇನೆ. ಅವನ ಹೆಸರು ಹೇಳಿಯೇ ಹಾಕ್ತೇನೆ."